ಸಾಹೇಬರ ಕೈಗುಣ

ಕಳೆದ ತಿಂಗಳು ಕೊಟ್ಟಿಗೆಹಾರದಲ್ಲಿ ಬಸ್ಸು ತಪ್ಪಿತು. ಕಳಸದ ಕಡೆ ಹೊರಟಿದ್ದ ಒಂದು ಪಿಕಪ್ಪಿಗೆ ಕೈ ಅಡ್ಡ ಹಾಕಿ ಹತ್ತಿಕೊಂಡೆ. ಹೊರಗೆ ಜಡಿಮಳೆ. ಒಳಗೆ ಡ್ರೈವರ್, ನಾನು, ನಮ್ಮ ಕಾಲ ಬುಡದಲ್ಲಿ ನೆಂದ ಎರಡು ಗೋಣಿಚೀಲ. ನಮ್ಮಿಬ್ಬರ ಉಸಿರಿಗೇ ಮುಂದಿನ ಗಾಜು ಮಂಜುಗಟ್ಟಿತು. ಡ್ರೈವರ್ ಒಂದು ಗುಂಡಿ ತಿರುಗಿಸಿದ. ಬಿಸಿಗಾಳಿ ಬಂದು ಗಾಜು ಕೆಳಗಿನಿಂದ ಮೇಲಕ್ಕೆ ತಿಳಿಯಾಗುತ್ತ ಹೋಯಿತು. ಆ ಬಿಸಿಗೆ ಒದ್ದೆ ಗೋಣಿ ಕಾದು ವಾಸನೆ ಎದ್ದಿತು. ಸೆಣಬು, ಧೂಳು, ಹಳೆಯ ಕಾಫಿ ಹೊಟ್ಟಿನ ಹುಳಿ ಎಲ್ಲ ಬೆರೆತ ವಾಸನೆ… ನಾನು ಮೂಗಿಗೆ ಕರವಸ್ತ್ರ ಒತ್ತಿಕೊಂಡೆ. ತಿರುವುಗಳಿಂದ ವಾಂತಿ ಬರುತ್ತಿದೆ ಎಂದುಕೊಂಡು ಡ್ರೈವರ್ ಒಂದು ನಿಂಬೆಹಣ್ಣು ಕೊಟ್ಟ. ಈ ರಸ್ತೆಯಲ್ಲಿ ನಲವತ್ತು ವರ್ಷ ಓಡಾಡಿದವನು ನಾನು. ಆದರೂ ಅದನ್ನು ಮೂಸುತ್ತಾ ಕೂತೆ.

ಆ ವಾಸನೆಯೊಂದಿಗೆ ಮೂಡಿಗೆರೆಯ ಒಬ್ಬ ಮೆಕ್ಯಾನಿಕ್ ನೆನಪಾಗುತ್ತಾರೆ. ನಾನು ಅವರಿಗೆ ಅನ್ಯಾಯ ಮಾಡಿದೆ. ಇದನ್ನು ಮೊದಲೇ ಹೇಳಿಬಿಡುವುದು ಮೇಲು. ಸುತ್ತಿ ಬಳಸಿ ಹೇಳುವ ನನ್ನ ಚಾಳಿಯಿಂದಲೇ ಈ ಮಾತು ಇಷ್ಟು ವರ್ಷ ಗಂಟಲಲ್ಲಿ ಉಳಿದದ್ದು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ದಾರಿಯ ಒಂದು ಎಸ್ಟೇಟಿನಲ್ಲಿ ನಾನು ರೈಟರ್ ಆಗಿದ್ದೆ. ರೈಟರ್ ಎಂದರೆ ಆಳುಗಳ ಹಾಜರಿ ಬರೆಯುವವನು ಎಂದು ಹೊರಗಿನವರು ತಿಳಿದಿರುತ್ತಾರೆ. ಹಾಜರಿಗೆ ಬೆಳಗಿನ ಅರ್ಧ ಗಂಟೆ ಸಾಕು. ಉಳಿದ ಹೊತ್ತೆಲ್ಲ ಸಾಹುಕಾರರು ಹೇಳಿದ್ದನ್ನು ಕೆಳಗೆ ತಲುಪಿಸುವುದು, ಕೆಳಗಿನವರು ಹೇಳಿದ್ದರಲ್ಲಿ ಸಾಹುಕಾರರ ಕಿವಿಗೆ ಹಿತವಾಗುವಷ್ಟನ್ನು ಮಾತ್ರ ಮೇಲೆ ತಲುಪಿಸುವುದು. ಈ ಕೆಲಸದಲ್ಲಿ ನಾನು ನಿಸ್ಸೀಮ ಎಂದು ಹೆಸರು ಪಡೆದಿದ್ದೆ.

ಸಾಹುಕಾರರ ಹತ್ತಿರ ಒಂದು ಹಳೆಯ ಟ್ರಕ್ ಇತ್ತು. ಜೀಪಿಗಿಂತ ದೊಡ್ಡದು, ಲಾರಿಗಿಂತ ಚಿಕ್ಕದು. ಘಟ್ಟದ ಕೆಳಗೆ ಯಾವುದೋ ಸೇತುವೆ ಕಟ್ಟಲು ಬಂದಿದ್ದ ವಿದೇಶದವರು ಕೆಲಸ ಮುಗಿಸಿ ಹೋಗುವಾಗ ಹರಾಜು ಹಾಕಿದ್ದ ಗಾಡಿ ಅದು. ಅದರ ಕ್ಯಾಬಿನ್ನಿನಲ್ಲಿ ಬೇಸಿಗೆಗೆ ತಣ್ಣನೆ ಗಾಳಿ, ಮಳೆಗಾಲಕ್ಕೆ ಬಿಸಿಗಾಳಿ ಎರಡೂ ಬರುತ್ತಿದ್ದವು. ಆಗ ನಮ್ಮ ಕಡೆಯ ಜೀಪಿನವರು ಮಂಜು ಹಿಡಿದ ಗಾಜಿಗೆ ಹೊಗೆಸೊಪ್ಪು ತಿಕ್ಕಿ, ಆಲೂಗಡ್ಡೆ ಹೋಳು ತಿಕ್ಕಿ, ಯಾವುದಕ್ಕೂ ಬಗ್ಗದಿದ್ದರೆ ತಲೆಯನ್ನು ಹೊರಗೆ ಹಾಕಿ ಓಡಿಸುತ್ತಿದ್ದರು. ನಮ್ಮ ಸಾಹುಕಾರರು ಮಾತ್ರ ಆಷಾಢದ ಮಳೆಯಲ್ಲೂ ಬಿಳಿ ಅಂಗಿ ತೊಟ್ಟು, ಎದುರಿನ ಗಾಜು ಫಳಫಳ ಹೊಳೆಯುತ್ತಿರುವಂತೆ, ತಾವೇ ಟ್ರಕ್ ಓಡಿಸಿಕೊಂಡು ಮೂಡಿಗೆರೆಗೆ ಹೋಗುತ್ತಿದ್ದರು. ಆ ಗಾಡಿಯನ್ನು ಬೇರೆ ಯಾರ ಕೈಗೂ ಕೊಟ್ಟವರಲ್ಲ.

ಆ ಗಾಳಿಯ ಪೆಟ್ಟಿಗೆಯನ್ನು ಬಿಚ್ಚಿ ಜೋಡಿಸುವ ಧೈರ್ಯವಿದ್ದದ್ದು ಮೂಡಿಗೆರೆಯ ಸಾಹೇಬರಿಗೆ ಮಾತ್ರ. ಊರವರೆಲ್ಲ ಅವರನ್ನು ಸಾಹೇಬ್ರೇ ಎಂದೇ ಕರೆಯುತ್ತಿದ್ದುದು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಕಳಸದ ಬಸ್ಸುಗಳು ನಿಲ್ಲುವ ಜಾಗದ ಎದುರು, ತಗಡಿನ ಮಾಡಿನ ಒಂದು ಶೆಡ್ಡು ಅವರದು. ಕೆಲಸಕ್ಕೆ ಕೈ ಹಾಕಿದರೆ ಮುಗಿಯುವ ತನಕ ಟೀ ಮುಟ್ಟುತ್ತಿರಲಿಲ್ಲ. ಗಾಳಿಯ ಕೆಲಸಕ್ಕೆ ಅವರದೇ ಒಂದು ಕ್ರಮವಿತ್ತು. ಒಂದು ಊದಿನಕಡ್ಡಿ ಹಚ್ಚಿ ಪೆಟ್ಟಿಗೆಯ ಸಂದುಗಳ ಹತ್ತಿರ ಹಿಡಿಯುತ್ತಿದ್ದರು. ಹೊಗೆ ಎತ್ತ ವಾಲುತ್ತದೆ ಎಂದು ನೋಡಿ ಗಾಳಿ ಎಲ್ಲಿ ಸೋರುತ್ತಿದೆ, ಎಲ್ಲಿ ತಡೆಯುತ್ತಿದೆ ಎಂದು ಹೇಳುತ್ತಿದ್ದರು. ಎಲ್ಲ ಮುಗಿದ ಮೇಲೆ ಅಂಗೈಯ ಹಿಂಬದಿಯನ್ನು ಗಾಳಿಯ ಬಾಯಿಗೆ ಹಿಡಿದು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಹಾಗೇ ಇದ್ದು, "ಬಂತು" ಎನ್ನುತ್ತಿದ್ದರು. ಅವರು ಬಂತು ಎಂದರೆ ಬಂದ ಹಾಗೆಯೇ. ಸಾಹೇಬರ ಕೈಗುಣ ಎಂದು ಪ್ಲಾಂಟರುಗಳೇ ಹೇಳುತ್ತಿದ್ದರು.

ಒಮ್ಮೆ ಏಪ್ರಿಲಿನ ಉರಿಬಿಸಿಲಿನಲ್ಲಿ ನಾನು ಸಾಹುಕಾರರ ಜೊತೆ ಟ್ರಕ್ ತರಲು ಹೋಗಿದ್ದೆ. ಸಾಹುಕಾರರು ಬ್ಯಾಂಕಿನಿಂದ ಬರುವ ತನಕ ಸಾಹೇಬರು ನನ್ನನ್ನು ಕ್ಯಾಬಿನ್ನಿಗೆ ಹತ್ತಿಸಿ, ತಾವೂ ಪಕ್ಕದಲ್ಲಿ ಕೂತು ಫ್ಯಾನ್ ಹಾಕಿದರು. "ಬನ್ನಿ ರೈಟ್ರೇ, ಊಟಿ ನೋಡ್ಕೊಂಡು ಹೋಗಿ" ಎಂದು ನಕ್ಕರು. ಸೀಟಿಗೆ ಗ್ರೀಸ್ ತಾಗಬಾರದೆಂದು ಕೆಳಗೆ ಪೇಪರ್ ಹಾಸಿಕೊಂಡಿದ್ದರು. ಇಬ್ಬರೂ ಮಕ್ಕಳ ಹಾಗೆ ಮುಖವೊಡ್ಡಿ ಕೂತಿದ್ದೆವು… ಆ ಹದಿನೈದು ನಿಮಿಷ ನನಗೆ ಈಗಲೂ ಚೆನ್ನಾಗಿ ನೆನಪಿದೆ.

ಇನ್ನು ನಾನು ಮಾಡಿದ ಕೆಲಸದ ವಿಷಯಕ್ಕೆ ಬರುತ್ತೇನೆ.

ಕೊಯ್ಲಿನ ಕಾಲದಲ್ಲಿ ಟ್ರಕ್ ನಿಲ್ಲುತ್ತಿದ್ದದ್ದು ಕಾಫಿ ಒಣಗಿಸುವ ಕಣದ ಪಕ್ಕ. ತೊಳೆದು ಒಣಗಿಸಿದ ಕಾಫಿ ಬೀಜದ, ನಾವು ಪಾರ್ಚ್‌ಮೆಂಟ್ ಎನ್ನುವುದರ, ತೆಳು ಸಿಪ್ಪೆ ಗಾಳಿಗೆ ಹಾರುತ್ತದೆ. ಗಾಜಿನ ಕೆಳಗೆ, ವೈಪರಿನ ಬುಡದಲ್ಲಿ, ಹೊರಗಿನ ಗಾಳಿ ಎಳೆದುಕೊಳ್ಳಲು ಒಂದು ಜಾಲರಿ ಇತ್ತು. ಸಿಪ್ಪೆ ಅಲ್ಲಿಂದ ಒಳಗಿಳಿದು, ಫ್ಯಾನ್ ಹಾಕಿದ ಕೂಡಲೇ ಸಾಹುಕಾರರ ಬಿಳಿ ಅಂಗಿಯ ಮೇಲೆ ಉದುರುತ್ತಿತ್ತು. ಬೈಗುಳ ನನಗೆ. ಸಾಹೇಬರನ್ನು ಕೇಳಿದೆ. ಗಾಡಿ ಒಂದು ದಿನ ತನ್ನಿ, ಒಳಗೆ ಸಣ್ಣ ಕಣ್ಣಿನ ಬಲೆ ಕೂರಿಸಿಕೊಡುತ್ತೇನೆ ಎಂದರು. ಕೊಯ್ಲಿನ ಹೊತ್ತಿನಲ್ಲಿ ಗಾಡಿ ಒಂದು ದಿನ ಬಿಡುವುದೆಂದರೆ ಸಾಹುಕಾರರನ್ನು ಕೇಳಬೇಕು, ಕೇಳಿದರೆ ಇನ್ನೊಂದು ಬೈಗುಳ. ಎಸ್ಟೇಟಿನಲ್ಲಿ ಗೋಣಿಯಿಂದ ಆಗದ ಕೆಲಸವಿಲ್ಲ. ಮಳೆಗೆ ಕೊಪ್ಪೆ, ಬಾಗಿಲಿಗೆ ಕಾಲೊರೆಸು, ಸೋರುವ ಮಾಡಿಗೆ ತೇಪೆ, ತೊಟ್ಟಿಯ ತೂತಿಗೆ ಬಿರಡೆ. ನಾನು ಪಾರ್ಚ್‌ಮೆಂಟ್ ಚೀಲದ ಒಂದು ತುಂಡನ್ನು ಕತ್ತರಿಸಿ, ಎರಡು ಮಡಿಕೆ ಮಾಡಿ, ಜಾಲರಿಯ ಸ್ಕ್ರೂ ಬಿಚ್ಚಿ ಅದರ ಕೆಳಗೆ ತುರುಕಿದೆ. ಸೆಣಬಿನ ಸಂದಿನಲ್ಲಿ ಗಾಳಿ ಹೋಗುತ್ತದೆ, ಸಿಪ್ಪೆ ನಿಲ್ಲುತ್ತದೆ ಎಂದು ನನ್ನ ಲೆಕ್ಕ. ಅಂಗಿಯ ಮೇಲೆ ಸಿಪ್ಪೆ ಬೀಳುವುದು ನಿಂತಿತು. ಸಾಹುಕಾರರು ಭೇಷ್ ಎಂದರು. ಏನು ಮಾಡಿದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೊಯ್ಲು ಮುಗಿದ ಮೇಲೆ ಅದನ್ನು ತೆಗೆಯಬೇಕಿತ್ತು. ಮರೆತೆ.

ಆ ಬೇಸಿಗೆಯಲ್ಲಿ ತಣ್ಣನೆ ಗಾಳಿ ಕೈಕೊಡಲು ಶುರುವಾಯಿತು. ಸಾಹೇಬರು ಪೆಟ್ಟಿಗೆ ಇಳಿಸಿ, ತೊಳೆದು, ಗ್ಯಾಸ್ ತುಂಬಿಸಿ, ಕೈಯೊಡ್ಡಿ ಬಂತು ಎಂದರು. ನಿಜವಾಗಿ ಬಂದಿತ್ತು. ಬಣಕಲ್ ದಾಟುವಷ್ಟರಲ್ಲಿ ಮತ್ತೆ ಇಲ್ಲ. ಈಗ ನನಗೆ ಅದರ ಗುಟ್ಟು ಗೊತ್ತು. ಫ್ಯಾನ್ ನಿಂತಾಗ ಗೋಣಿ ತುಂಡು ಜಾರಿ ಜಾಲರಿಯ ಕೆಳಗೆ ಕಣ್ಣಿಗೆ ಬೀಳದ ಮೂಲೆಯಲ್ಲಿ ಮುದುಡಿ ಬೀಳುತ್ತಿತ್ತು. ಗಾಡಿ ಕುಲುಕುತ್ತ, ಫ್ಯಾನ್ ಜೋರಾಗಿ ಎಳೆಯುತ್ತ ಹೋದ ಹಾಗೆ ಮೆಲ್ಲಗೆ ಸರಿದು ಬಂದು ಗಾಳಿಯ ದಾರಿಗೇ ಅಂಟಿಕೊಳ್ಳುತ್ತಿತ್ತು. ಶೆಡ್ಡಿನಲ್ಲಿ ನಿಂತ ಗಾಡಿಗೆ ಯಾವ ರೋಗವೂ ಇಲ್ಲ. ದಾರಿಗೆ ಬಿದ್ದರೆ ಉಸಿರು ಕಟ್ಟುತ್ತದೆ.

ಮಳೆಗಾಲ ಬಂತು, ಬಿಸಿಗಾಳಿಯೂ ಹಾಗೇ ಆಯಿತು. ಎರಡನೇ ಸಲ, ಮೂರನೇ ಸಲ ಗಾಡಿ ಸಾಹೇಬರ ಶೆಡ್ಡಿಗೆ ಹೋಯಿತು. ಸಾಹೇಬರು ಬಿಸಿನೀರಿನ ಕೊಳವೆ ಬದಲಿಸಿದರು, ಫ್ಯಾನಿನ ಮೋಟರ್ ಬದಲಿಸಿದರು, ಊದಿನಕಡ್ಡಿ ಹಿಡಿದು ಸಂದುಸಂದು ಹುಡುಕಿದರು. ಮೂರನೇ ಸಲ ಅವರು ನನ್ನನ್ನು ಪಕ್ಕಕ್ಕೆ ಕರೆದು, ಗಾಡಿಯನ್ನು ಒಂದು ದಿನ ತಮ್ಮ ಹತ್ತಿರ ಬಿಟ್ಟರೆ ತಾವೇ ಕಳಸದ ತನಕ ಓಡಿಸಿ ನೋಡುವುದಾಗಿ ಹೇಳಿದರು. ಓಡುವಾಗ ಬರುವ ರೋಗ ಓಡುವಾಗಲೇ ಕಾಣಬೇಕು ಎಂದರು. ನಾನು ಇದನ್ನು ಸಾಹುಕಾರರಿಗೆ ಹೇಗೆ ತಲುಪಿಸಿದೆ ಗೊತ್ತೇ? ಸಾಹೇಬರಿಗೆ ಗಾಡಿ ಓಡಿಸುವ ಆಸೆ ಆಗಿದೆ ಎಂದು ನಗೆಯಾಡಿದೆ. ಸಾಹುಕಾರರು ಬೇಡವೆಂದರು. ವಿಷಯ ಅಲ್ಲಿಗೇ ಮುಗಿಯಿತು.

ಆಗ ನನಗೆ ಗೋಣಿಯ ನೆನಪು ಬಂದಿರಲಿಲ್ಲವೇ? ಇಷ್ಟು ವರ್ಷ ನನಗೆ ನಾನೇ ಇಲ್ಲ ಎಂದು ಹೇಳಿಕೊಂಡಿದ್ದೇನೆ. ಅದು ಸುಳ್ಳು. ಒಂದು ದಿನ ಹಾಜರಿ ಬರೆಯುತ್ತಿರುವಾಗ ಅದು ಥಟ್ಟನೆ ನೆನಪಾಯಿತು. ಇಷ್ಟು ಹೊತ್ತಿಗೆ ಕೊಳೆತು ಉದುರಿಹೋಗಿರುತ್ತದೆ ಎಂದು ಸಮಾಧಾನ ಮಾಡಿಕೊಂಡು ಮುಂದಿನ ಹೆಸರು ಬರೆದೆ. ಕೊಡೆ ಹಿಡಿದು ನಲವತ್ತು ಹೆಜ್ಜೆ ನಡೆದು ಹೋಗಿ ನೋಡಿದ್ದರೆ ಮುಗಿದುಹೋಗುತ್ತಿತ್ತು. ಮಳೆ ಜೋರಾಗಿತ್ತು, ಅಷ್ಟೇ.

ಶ್ರಾವಣದ ಒಂದು ಬೆಳಿಗ್ಗೆ ಸಾಹುಕಾರರು ಮೂಡಿಗೆರೆಗೆ ಹೊರಟವರು ಕೊಟ್ಟಿಗೆಹಾರಕ್ಕೆ ಮುಂಚಿನ ಒಂದು ತಿರುವಿನಲ್ಲಿ ಮೋರಿಯ ಕಟ್ಟೆಗೆ ಟ್ರಕ್ಕನ್ನು ಗುದ್ದಿದರು. ಫ್ಯಾನ್ ಜೋರಾಗಿಯೇ ತಿರುಗುತ್ತಿತ್ತಂತೆ, ಗಾಳಿ ಬರಲಿಲ್ಲ. ಗಾಜು ಹಾಲಿನ ಹಾಗೆ ಬೆಳ್ಳಗಾಯಿತು. ಒಂದು ಕೈಯಲ್ಲಿ ಬಟ್ಟೆ ಹಿಡಿದು ಒರೆಸಲು ಹೋಗಿದ್ದಾರೆ, ಅಷ್ಟರಲ್ಲಿ ತಿರುವು. ಮೊಣಕೈ ಮುರಿಯಿತು. ಕಟ್ಟೆ ಗಟ್ಟಿಯಾಗಿದ್ದದ್ದಕ್ಕೆ ಜೀವ ಉಳಿಯಿತು.

ಟ್ರ್ಯಾಕ್ಟರಿಗೆ ಕಟ್ಟಿ ಟ್ರಕ್ಕನ್ನು ಎಸ್ಟೇಟಿಗೆ ಎಳೆದು ತಂದೆವು. ಏನೇನು ಹಾಳಾಗಿದೆ ನೋಡಲು ನಾನೊಬ್ಬನೇ ಹೋದೆ. ಗುದ್ದಿದ ರಭಸಕ್ಕೆ ಜಾಲರಿ ಮೇಲೆದ್ದು ನಿಂತಿತ್ತು. ಅದರ ಕೆಳಗೆ, ಗಾಳಿಯ ದಾರಿಗೆ ಸರಿಯಾಗಿ ಮುಚ್ಚಳ ಹಾಕಿದಂತೆ, ನನ್ನ ಗೋಣಿ ತುಂಡು. ಅದರ ಮೇಲೆ ಅಚ್ಚೊತ್ತಿದ್ದ ಎಸ್ಟೇಟಿನ ಹೆಸರಿನ ಮೊದಲ ಅಕ್ಷರದ ಹಸಿರು ಬಣ್ಣ ಕೂಡ ಮಾಸಿರಲಿಲ್ಲ. ಸಿಪ್ಪೆ, ಧೂಳು ಮೆತ್ತಿಕೊಂಡು ರಟ್ಟಿನ ಹಾಗಾಗಿ, ಈ ಸಲ ಫ್ಯಾನ್ ನಿಂತರೂ ಜಾರದೆ ಅಲ್ಲೇ ಅಂಟಿತ್ತು. ನಾನು ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ನಡೆದೆ. ಬಚ್ಚಲ ಒಲೆಗೆ ಹಾಕಿದೆ. ಒದ್ದೆ ಗೋಣಿ ಬೇಗ ಹತ್ತಿಕೊಳ್ಳಲಿಲ್ಲ. ಹೊಗೆಯಾಡುತ್ತಾ ಸುಮಾರು ಹೊತ್ತು ಉಳಿಯಿತು. ಇದೇನು ವಾಸನೆ ಎಂದು ಹೆಂಡತಿ ಕೇಳಿದಳು. ಹಳೆ ಕಾಲೊರೆಸು ಎಂದೆ.

ನನ್ನ ಪರವಾಗಿ ಒಂದು ಮಾತು ಹೇಳಿಕೊಳ್ಳುವುದಾದರೆ, ನಾವಿದ್ದದ್ದು ಎಸ್ಟೇಟ್ ಕೊಟ್ಟ ಮನೆಯಲ್ಲಿ. ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದರು. ಸಾಹುಕಾರರ ಕೈ ಮುರಿದವನು ನಾನೆಂದು ಗೊತ್ತಾದರೆ ಸಂಜೆಯೊಳಗೆ ಪಾತ್ರೆ ಪಡಗ ಅಂಗಳದಲ್ಲಿರುತ್ತಿತ್ತು. ಹೆದರಿಕೆ ನಿಜವೇ. ಆದರೆ ಮರುದಿನ ನಡೆದದ್ದಕ್ಕೆ ಹೆದರಿಕೆಯೊಂದನ್ನೇ ನೆಪ ಹೇಳಲು ಬರುವುದಿಲ್ಲ.

ಮರುದಿನ ಸಾಹೇಬರು ಬಂದರು. ಯಾರೂ ಕರೆದಿರಲಿಲ್ಲ. ಸುದ್ದಿ ಕೇಳಿ, ಮೊದಲ ಬಸ್ಸಿಗೆ, ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಬಂದಿದ್ದರು. ಮೊದಲು ಸಾಹುಕಾರರ ಕೈ ನೋಡಿದರು, ಆಮೇಲೆ ಗಾಡಿ ನೋಡಲು ಅಪ್ಪಣೆ ಕೇಳಿದರು. ಟ್ರಕ್ ನಿಲ್ಲಿಸಿದ್ದ ಎಸ್ಟೇಟಿನ ಶೆಡ್ಡಿನ ಮಾಡು ಸೋರುತ್ತಿತ್ತು. ಅವರು ಬಗ್ಗಿ ಪೆಟ್ಟಿಗೆ ಬಿಚ್ಚುತ್ತಿದ್ದರೆ ನಾನು ಅವರ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದೆ. ಹೌದು, ಕೊಡೆ ಹಿಡಿದಿದ್ದೆ. ಅವರು ಬ್ಯಾಟರಿಯಿಂದ ವೈರ್ ಎಳೆದು ಫ್ಯಾನ್ ಹಾಕಿದರು. ಗಾಳಿ ಭರ್ರೆಂದು ಬಂತು. ನಿಲ್ಲಿಸಿ ಮತ್ತೆ ಹಾಕಿದರು. ಬಂತು. ಒಂದು ಗಂಟೆ ಬಿಟ್ಟು ನೋಡಿದರು, ಆಗಲೂ ಬಂತು. ಊದಿನಕಡ್ಡಿಯ ಹೊಗೆ ಎಲ್ಲೂ ವಾಲಲಿಲ್ಲ, ತಡೆಯಲಿಲ್ಲ. ಮಧ್ಯಾಹ್ನದ ತನಕ ಅವರು ಇಲ್ಲದ ರೋಗವನ್ನು ಹುಡುಕಿದರು. ಕೈಯೊಡ್ಡಿ ಕಣ್ಣು ಮುಚ್ಚಿ ನಿಂತವರು ಆ ದಿನ ಬಂತು ಎನ್ನಲಿಲ್ಲ. ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಜಗಲಿಯ ಮೇಲೆ ಸಾಹುಕಾರರು ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದರು. ಸಾಹೇಬರು ಮೆಟ್ಟಿಲ ಕೆಳಗೇ ನಿಂತರು.

"ಎಲ್ಲಿ ಅಂತ ಗೊತ್ತಾಗ್ಲಿಲ್ಲ ಸಾಹುಕಾರ್ರೇ. ಆದ್ರೆ ಕೈ ಹಾಕಿದ್ದು ನಾನೊಬ್ನೇ. ನನ್ನಿಂದ್ಲೇ ಆಗಿರ್ಬೇಕು."

ಸಾಹುಕಾರರು ಗದರಲಿಲ್ಲ. ಗದರಿದ್ದರೆ ಒಳ್ಳೆಯದಿತ್ತೋ ಏನೋ. "ವಯಸ್ಸಾಯ್ತು ಸಾಹೇಬ್ರೇ ನಿಮ್ಗೆ. ಇನ್ನು ಈ ಕೆಲ್ಸ ಸಾಕು ಮಾಡಿ" ಎಂದರು. ಸಾಹೇಬರಿಗೆ ಆಗಿನ್ನೂ ಐವತ್ತು ತುಂಬಿರಲಿಲ್ಲ.

ಗೇಟಿನ ತನಕ ನಾನು ಜೊತೆಗೆ ಹೋದೆ. ಬಸ್ಸು ಕಾಯುತ್ತಾ ನಿಂತೆವು. ಆಮೇಲೆ ಅವರು ನನ್ನ ಕಡೆ ತಿರುಗಿದರು. "ರೈಟ್ರೇ, ದಿನಾ ಗಾಡಿ ನೋಡೋರು ನೀವು. ನಾನು ಏನು ಬಿಟ್ಟೆ ಅಂತ ನಿಮ್ಗೇನಾದ್ರೂ ಅನ್ಸುತ್ತಾ?"

"ಮಿಷನ್ ವಿಷ್ಯ ನಂಗೇನು ಗೊತ್ತಾಗುತ್ತೆ ಸಾಹೇಬ್ರೇ" ಎಂದೆ.

ಅವರು ತಲೆಯಾಡಿಸಿದರು. ನಾನು ಹೇಳಿದ್ದು ಅವರಿಗೆ ನ್ಯಾಯವಾಗಿಯೇ ಕಂಡಿತು. ಬಸ್ಸು ಬಂತು, ಹತ್ತಿ ಹೋದರು.

ಸಾಹುಕಾರರು ಕೆಟ್ಟವರಲ್ಲ, ಆದರೆ ಪಟ್ಟಿ ಕಟ್ಟಿದ ಕೈ ನೋಡಿದವರೆಲ್ಲ ಏನಾಯಿತೆಂದು ಕೇಳುತ್ತಾರೆ, ಅವರು ಹೇಳುತ್ತಾರೆ. ಸಾಹೇಬರ ಕೈಗುಣ ಹೋಗಿದೆ ಎಂಬ ಮಾತು ಜಾವಳಿಯಿಂದ ದೇವರಮನೆಯವರೆಗೆ ಎಸ್ಟೇಟುಗಳಲ್ಲಿ ಹರಡಿತು. ಒಂದೆರಡು ವರ್ಷದಲ್ಲಿ ಶೆಡ್ಡಿನ ಎದುರು ಜೀಪುಗಳ ಸಾಲು ಕಾಣದಾಯಿತು. ಹೊಸ ಶತಮಾನ ಬರುವ ಹೊತ್ತಿಗೆ ಅವರು ಪಂಕ್ಚರ್ ಹಾಕುವುದು, ಚಕ್ರಕ್ಕೆ ಗಾಳಿ ತುಂಬುವುದು ಇಷ್ಟರಲ್ಲೇ ಇದ್ದರು.

ನಾನು ಆ ಎಸ್ಟೇಟು ಬಿಟ್ಟು ಕಳಸದಲ್ಲಿ ಮೆಣಸು, ಅಡಿಕೆ ಕೊಳ್ಳುವವರ ಮಂಡಿಗೆ ಸೇರಿದೆ. ಸ್ವಂತ ಮನೆಯೂ ಆಯಿತು. ಸಾಹುಕಾರರು ತೀರಿಕೊಂಡರು. ಹೆದರಬೇಕಾದವರು ಯಾರೂ ಉಳಿಯಲಿಲ್ಲ. ಆಗಲಾದರೂ ಹೇಳಬಹುದಿತ್ತು. ಒಮ್ಮೆ ಮೂಡಿಗೆರೆಯ ಹೋಟೆಲೊಂದರಲ್ಲಿ ಸಾಹೇಬರು ಎದುರಾದರು. ಪಕ್ಕದಲ್ಲಿ ಕೂರಿಸಿಕೊಂಡು ಕಾಫಿ ಕುಡಿಸಿದೆ. ಅವರು ನನ್ನ ಹೆಣ್ಣುಮಕ್ಕಳ ಮದುವೆ ವಿಚಾರಿಸಿದರು. ಸಾಹುಕಾರರ ಕೈ ಕೊನೆಯ ತನಕ ನೋಯುತ್ತಿತ್ತೇ ಎಂದು ಕೇಳಿದರು. ನೋಯುತ್ತಿರಲಿಲ್ಲ ಎಂದೆ. ಅದಾದರೂ ನಿಜ. ಹೇಳಲೆಂದು ಬಾಯಿ ತೆರೆದೆ… ಅವರು ಎದ್ದು, ಆಗಷ್ಟೇ ಮುಚ್ಚಿ ಬಂದ ಶೆಡ್ಡಿನ ಬೀಗ ಹಾಕಿದೆನೋ ಇಲ್ಲವೋ ನೋಡಿ ಬರುತ್ತೇನೆಂದು ಹೋದರು. ವಾಪಸು ಬಂದು ಕೂತು, ಎರಡು ಗುಟುಕು ಕುಡಿದು, ಮತ್ತೆ ಎದ್ದು ಹೋದರು. ನಾನು ಅದನ್ನು ಮುದುಕರ ಮರೆವು ಎಂದುಕೊಂಡೆ. ನನ್ನ ಬಸ್ಸು ಬಂತು.

ಸಾಹೇಬರು ತೀರಿಕೊಂಡ ಸುದ್ದಿ ಬಂದಾಗಲೂ ನಾನು ಹೋಗಲಿಲ್ಲ. ಮಣ್ಣಿಗೆ ಹೋದರೆ ಯಾರ ಮುಖ ನೋಡಲಿ ಎನಿಸಿತು. ಈಗ, ಇಷ್ಟು ವರ್ಷಗಳ ಮೇಲೆ, ಪಿಕಪ್ಪಿನಲ್ಲಿ ಆ ವಾಸನೆ ಎದ್ದ ಮೇಲೆ, ಮನೆಯಲ್ಲಿ ಕೂರಲಾಗಲಿಲ್ಲ. ನಾಲ್ಕನೇ ದಿನ ಮೂಡಿಗೆರೆಗೆ ಹೋಗಿ, ವಿಳಾಸ ಕೇಳಿಕೊಂಡು ಅವರ ಮನೆ ಹುಡುಕಿದೆ. ಸಾಹೇಬರ ಹೆಂಡತಿ ಇದ್ದರು. ಕಣ್ಣು ಮಂಜಾಗಿದೆ. ನನ್ನ ದನಿಯಿಂದಲೇ ರೈಟರ್ ಎಂದು ಗುರುತು ಹಿಡಿದರು. ಕುರ್ಚಿ ಹಾಕಿಸಿದರು. ನಾನು ಕೂತೂ ಕೂರದ ಹಾಗೆ ಕೂತು, ಗೋಣಿ ತುರುಕಿದ್ದು, ಒಲೆಗೆ ಹಾಕಿದ್ದು, ಗೇಟಿನ ಹತ್ತಿರ ಸುಳ್ಳು ಹೇಳಿದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗಿ ಬರಬಹುದಿತ್ತು, ಆ ಆಸೆಯೂ ಒಳಗೆ ಇತ್ತೇನೋ.

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದರು.

"ಅವತ್ತಿಂದ ಅವ್ರು ಒಂದು ನಟ್ಟು ನಾಕು ಸಲ ಬಿಗೀತಿದ್ರು. ಅದ್ಕೇ ಕೆಲ್ಸ ತಡ ಆಗಿ ಜನ ಬಿಟ್ಟಿದ್ದು. ಒಲೆ ಆರ್ಸಿದ್ರೂ ಎದ್ದೋಗಿ ನೋಡೋರು, ಚಿಲ್ಕ ಹಾಕಿದ್ರೂ ನೋಡೋರು. ನನ್ ಕೈ ನಂಬಂಗಿಲ್ಲ ಅಂತಿದ್ರು. ಮೊಮ್ಮಕ್ಳನ್ನ ಎತ್ಕೊಳ್ಳೋಕೂ ಹೆದ್ರೋರು, ಎಲ್ಲಿ ಬೀಳಿಸ್ತೀನೋ ಅಂತ."

ನಾನು ಕುರ್ಚಿಯ ತುದಿಗೆ ಸರಿದೆ.

"ಕೈ ಸರಿ ಇದೆ ಅಂತ ನಾನು ಎಷ್ಟ್ ಹೇಳಿದ್ರೂ ಕೇಳ್ಲಿಲ್ಲ ರೈಟ್ರೇ" ಎಂದರು. "ನೀವು ಹೇಳಿದ್ರೆ ಕೇಳ್ತಿದ್ರು."

ಅಷ್ಟು ಹೇಳಿ, ಗೋಡೆ ಹಿಡಿದು ಎದ್ದು, ನನಗೆ ಟೀ ಮಾಡಲು ಒಳಗೆ ಹೋದರು. ಬೇಡ ಎನ್ನುವ ಧೈರ್ಯ ನನಗಾಗಲಿಲ್ಲ. ಕೊಟ್ಟ ಟೀಯನ್ನು ಕುಡಿದು ಬಂದೆ.

ಈಗ ದಿನವೂ ನಾನು ಒಂದೇ ಲೆಕ್ಕ ಹಾಕುತ್ತಿರುತ್ತೇನೆ. ಆ ಗೇಟಿನ ದಿನದಿಂದ ಸಾಹೇಬರು ಹನ್ನೊಂದು ವರ್ಷ ಬದುಕಿದ್ದರು. ಆ ಹನ್ನೊಂದು ವರ್ಷವೂ ನಾನು ವಾರಕ್ಕೊಮ್ಮೆ ಮೂಡಿಗೆರೆಗೆ ಹೋಗುತ್ತಿದ್ದೆ. ನನ್ನ ಬಸ್ಸು ಅವರ ಶೆಡ್ಡಿನ ಎದುರೇ ನಿಲ್ಲುತ್ತಿತ್ತು.